ನೂರಾ ಹದಿನೆಂಟು ಪಾಯಿಂಟ್ ಮೂರು ಐದು

ರೈಫಲ್ಲನ್ನು ಕೌಂಟರಿನ ಮೇಲೆ ಇಟ್ಟವರು ಯಾರೆಂದು ನೋಡುವ ಮೊದಲೇ ಅದು ಯಾವ ರೈಫಲ್ಲೆಂದು ನನಗೆ ಗೊತ್ತಾಗಿತ್ತು. ವಾರ್ನಿಷ್ ಬಳಿದ ಬಂದೂಕನ್ನು ನಾನು ಜೀವಮಾನದಲ್ಲಿ ಒಂದನ್ನೇ ನೋಡಿದ್ದೆ. ನಮ್ಮ ಟೌನ್‌ಷಿಪ್ಪಿನ ಕ್ಲಬ್ಬಿನಲ್ಲಿ, ಕೇರಂ ಬೋರ್ಡಿನ ಮೇಲಿನ ಗೋಡೆಗೆ ಅದು ತೂಗುತ್ತಿತ್ತು. ವರ್ಷಕ್ಕೊಮ್ಮೆ ಕುರ್ಚಿ ಮೇಜುಗಳಿಗೆ ಪಾಲಿಷ್ ಹಾಕಲು ಬರುವವರು ಅದಕ್ಕೂ ಒಂದು ಕೈ ಬಳಿದು ಹೋಗುತ್ತಿದ್ದರು. ಮರವೋ ಕಬ್ಬಿಣವೋ ಎಂಬ ಭೇದ ಅವರಿಗಿರಲಿಲ್ಲ.

ಅದು 2004ರ ಬೇಸಿಗೆ. ಚುನಾವಣೆ ಬಂದರೆ ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಅಂಗಡಿಯಲ್ಲೋ ಒಪ್ಪಿಸಬೇಕು. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಅಂಥದೊಂದು ಅಂಗಡಿಯಲ್ಲಿ ನನ್ನ ಕೆಲಸ. ಲೈಸೆನ್ಸ್ ಪುಸ್ತಕದಲ್ಲಿರುವ ನಂಬರನ್ನೂ ಬಂದೂಕಿನ ಮೇಲಿರುವ ನಂಬರನ್ನೂ ತಾಳೆ ನೋಡಿ ರಸೀದಿ ಬರೆಯುವುದು. ತಾಳೆಯಾಗದಿದ್ದರೆ ಅದು ಪೊಲೀಸರಿಗೆ ಹೋಗುವ ಪಟ್ಟಿಯ ಕೊನೆಯ ಪುಟಕ್ಕೆ ಸೇರುತ್ತದೆ.

ತಲೆಯೆತ್ತಿದೆ. ಕ್ಲಬ್ಬಿನ ಕಾರ್ಯದರ್ಶಿ.

"ಏನಮ್ಮಾ, ನೀನಿಲ್ಲಿ? ಎಷ್ಟು ಡಿಬೇಟು, ಎಷ್ಟು ಪ್ರೈಜು. ಕಡೇಗೆ ರಸೀದಿ ಬರೆಯೋ ಕೆಲ್ಸವಾ?"

"ಹೌದು ಸರ್. ನಂಬರ್ ಬರೆಯೋದು ನಮ್ಮ ಮನೆತನದ ಕಸುಬು."

ಅವರು ನಗಲಿಲ್ಲ. "ಹಂಗಾದ್ರೆ ಸರಿಯಾಗಿ ಬರಿ. ಲೈಸೆನ್ಸಲ್ಲಿ 118.35. ಬಂದೂಕಲ್ಲಿ 614. ಎಂಟು ವರ್ಷದ ಹಿಂದೆ ಪಾಪ ಅಂತ ಬಿಟ್ವಿ. ಹಿಂದಿನ ಚುನಾವಣೆಗಳಲ್ಲಿ ಠಾಣೇಲಿ ನಂಬರ್ ನೋಡ್ದೆ ಇಟ್ಕೊಂಡ್ರು. ಈ ಸಲ ಪೊಲೀಸ್ನೋರು ಕೇಳ್ತಾರೆ, ಕ್ಲಬ್ಬು ಬರೆದು ಕೊಡ್ಬೇಕಾಗತ್ತೆ. ಯಾರ ಕಾಲದಲ್ಲಿ ಬದಲಾಯ್ತು ಅಂತ ಹೆಸರು ಹಾಕಿ ಬರೆದು ಕೊಡ್ತೀನಿ."

ಆ ಹೆಸರು ನನ್ನ ಅಪ್ಪನದು.

ಅಪ್ಪ ಧಾರವಾಡದ ಕಡೆಯವರು. ಸರ್ಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಡೀ ನೌಕರಿ ಕಳೆದವರು. ಕ್ಲಬ್ಬಿನ ಸಾಮಾನುಗಳ ಉಸ್ತುವಾರಿಯೂ ಅವರದೇ ಆಗಿತ್ತು. ಬೆಟ್ಟದ ಕಡೆಯ ಹಳೆಯ ಜಮೀನ್ದಾರಿ ಮನೆಯವರು ತಮ್ಮ ಬೇಟೆಯ ರೈಫಲ್ಲನ್ನು ಕ್ಲಬ್ಬಿಗೆ ಕೊಟ್ಟ ದಿನ ಅದನ್ನು ರಿಜಿಸ್ಟರಿಗೆ ಹತ್ತಿಸಿದ್ದು ಅಪ್ಪ. ಸ್ಟೋರ್ಸಿನಲ್ಲಿ ಒಂದು ಪದ್ಧತಿಯಿದೆ: ಒಬ್ಬ ಓದಬೇಕು, ಇನ್ನೊಬ್ಬ ಬರೆಯಬೇಕು, ಇಬ್ಬರೂ ಸಹಿ ಹಾಕಬೇಕು. ಬರೆದವರು ಅಪ್ಪ. ಓದಿದವರು ಇದೇ ಕಾರ್ಯದರ್ಶಿ, ಆಗಿನ್ನೂ ಮೈಸೂರಿನಿಂದ ಹೊಸದಾಗಿ ಬಂದ ಟ್ರೇನಿ. ಆ ನಂಬರೇ ಲೈಸೆನ್ಸಿಗೂ ಹೋಯಿತು. ಎಷ್ಟೋ ವರ್ಷಗಳ ನಂತರ ಲೈಸೆನ್ಸ್ ನವೀಕರಣಕ್ಕೆ ಬಂದ ಅಧಿಕಾರಿ ಬಂದೂಕನ್ನು ತಿರುಗಿಸಿ ನೋಡಿದರೆ 118.35 ಎಲ್ಲಿಯೂ ಇಲ್ಲ. ಕುದುರೆಯ ಕಾಪಿನ ಮೇಲೆ, ಅಂದರೆ ಟ್ರಿಗರ್ ಸುತ್ತಲಿನ ಬಳೆಯ ಮೇಲೆ, 614 ಇದೆ.

"ನನ್ ಕಣ್ಣಲ್ಲೇ ಓದಿದೀನಿ" ಎಂದರು ಕಾರ್ಯದರ್ಶಿ, ತುಂಬಿದ ಸಭೆಯಲ್ಲಿ. "ಈಗ ಅದಿಲ್ಲ ಅಂದ್ರೆ ಇದು ಆ ಬಂದೂಕೇ ಅಲ್ಲ."

"ಇದs ಅದು. ಅಂವ ಓದಿದ್ದನ್ನ ನಾ ಬರದೀನಿ" ಎಂದರು ಅಪ್ಪ. ಬೇರೆ ಮಾತು ಅವರಿಗೆ ಬರಲಿಲ್ಲ. ದೂರು ಕೊಟ್ಟರೆ ಕ್ಲಬ್ಬಿಗೇ ಅವಮಾನವೆಂದು ಯಾರೂ ಕೊಡಲಿಲ್ಲ. ಬದಲಿಗೆ ಟೌನ್‌ಷಿಪ್ಪಿನ ಹತ್ತು ಹನ್ನೆರಡು ಕನ್ನಡ ಮನೆಗಳವರು ಯುಗಾದಿ ಊಟಕ್ಕೆ ನಮ್ಮನ್ನು ಕರೆಯುವುದನ್ನು ಬಿಟ್ಟರು. ಅಪ್ಪ ನಿವೃತ್ತಿಯಾದದ್ದೇ ತಡ ಭೀಮುನಿಪಟ್ಟಣಕ್ಕೆ ಮನೆ ಬದಲಿಸಿದರು. ಅಲ್ಲಿ ಕನ್ನಡದವರು ಯಾರೂ ಇಲ್ಲವೆನ್ನುವುದೇ ಆ ಊರಿನ ವಿಶೇಷವಾಗಿತ್ತು.

ನನಗೆ ಆಗ ಹದಿನಾರು. ನಾನು ಡಿಬೇಟಿಗೆ ಸೇರಿದ್ದು ಆ ವರ್ಷ. ವೇದಿಕೆಯ ಆಚೆ ಯಾರೇ ನಿಂತಿರಲಿ, ನನಗೆ ಕಾಣುತ್ತಿದ್ದದ್ದು ಕಾರ್ಯದರ್ಶಿಯ ಈ ಮುಖ.

ಕಾರ್ಯದರ್ಶಿ ಹೋದ ಮೇಲೆ ಅಂಗಡಿಯ ಯಜಮಾನರಿಗೆ ವಿಷಯ ಮುಚ್ಚಿಡದೆ ಹೇಳಿದೆ. ಅಳೆದು ತೂಗಿ ಮಾತಾಡುವ ತೆಲುಗಿನ ಹಿರಿಯರು ಅವರು. "ಪಟ್ಟಿ ಹೋಗುವುದು ಮತ ಎಣಿಕೆ ಮುಗಿದ ಮೇಲೆ. ಅಲ್ಲಿಯವರೆಗೆ ನೋಡು. ರೈಫಲ್ ಈ ಬಾಗಿಲು ದಾಟಬಾರದು. ಮುರಿಯಬಾರದು, ಕೊರೆಯಬಾರದು" ಎಂದರು.

ನನ್ನ ವಾದ ಸಿದ್ಧವಾಗಿತ್ತು. ಇಬ್ಬರು ಒಬ್ಬರಿಗೊಬ್ಬರು ವಿರುದ್ಧವಾಗಿ ಹೇಳುತ್ತಿದ್ದರೆ ಒಬ್ಬ ಸುಳ್ಳ. ಅಪ್ಪ ಸುಳ್ಳರಲ್ಲ. ಆದ್ದರಿಂದ ಕಾರ್ಯದರ್ಶಿ ಸುಳ್ಳ. ಅಷ್ಟೇ ಅಲ್ಲ, ಕಳ್ಳ. ಅಸಲಿ ರೈಫಲ್ಲನ್ನು ಸಾಗಿಸಿ, ಈ ಅಗ್ಗದ್ದನ್ನು ತೂಗುಹಾಕಿ, ಅಪ್ಪನ ಮೇಲೆ ಗೂಬೆ ಕೂರಿಸಿದ್ದಾನೆ. ಇದು ಎಲ್ಲಿಯ ಬಂದೂಕು, ಯಾವ ಕಾಲದ್ದು ಎಂದು ಗುರುತಿಸಿಬಿಟ್ಟರೆ ಜಮೀನ್ದಾರರ ಬಂದೂಕಲ್ಲವೆಂದು ಸಾಬೀತಾಗುತ್ತದೆ. ಆಮೇಲೆ ಯಾರಿಂದ ಬಂತೆಂದು ಹುಡುಕುವುದು. ಬಹುಮಾನ ಗೆಲ್ಲುವಂಥ ವಾದ. ಬುಡದಲ್ಲೇ ತಪ್ಪಿತ್ತು.

ಕೆಲಸ ಶುರುವಾದದ್ದು ಹತ್ತಿ ಮತ್ತು ಸ್ಪಿರಿಟ್‌ನಿಂದ. ಅದು ಒಂಟಿ ನಳಿಗೆಯ, ನಡುವಿನ ಕೀಲಿನಲ್ಲಿ ಮಡಚಿ ತೋಟಾ ತುಂಬುವ ರೈಫಲ್ಲು. ಆದರೆ ತುಕ್ಕು ಹಿಡಿದು ಮಡಚಲು ಒಲ್ಲೆನೆನ್ನುತ್ತಿತ್ತು. ನಳಿಗೆಯ ಬುಡದಲ್ಲಿ ಅಂಚೆ ಚೀಟಿಯಷ್ಟು ಜಾಗದ ವಾರ್ನಿಷ್ ಕರಗಿಸಿದೆ. ಗುರುತುಗಳು ಎದ್ದುಬಂದವು. ಪೆನ್ಸಿಲ್ ಸೀಸವನ್ನು ಪುಡಿಮಾಡಿ ಗುರುತಿನ ಮೇಲೆ ಉಜ್ಜಿ, ಸೆಲ್ಲೋ ಟೇಪ್ ಒತ್ತಿ ತೆಗೆದು, ಬಿಳಿ ಕಾಗದಕ್ಕೆ ಅಂಟಿಸಿದರೆ ಕಣ್ಣಿಗಿಂತ ಟೇಪೇ ಚೆನ್ನಾಗಿ ಓದುತ್ತದೆ. ಒಂದು ಕಿರೀಟ, ಅದರ ಕೆಳಗೆ U ಅಕ್ಷರ. ಇನ್ನೊಂದು ಕಿರೀಟ, ಕೆಳಗೆ G. ನಳಿಗೆಯ ಬೆನ್ನಿನ ಮೇಲೆ ಒಂದು ಹೆಸರು.

ಕಿರೀಟ ಕಂಡ ಕೂಡಲೇ ಇಂಗ್ಲಿಷ್ ಬಂದೂಕೆಂದು ತೀರ್ಮಾನಿಸಿದೆ. ನಾಲ್ಕು ಸಂಜೆ ಇಂಟರ್ನೆಟ್ ಕೆಫೆಯಲ್ಲಿ ಕೂತು ಇಂಗ್ಲಿಷ್ ಪರೀಕ್ಷಾ ಮುದ್ರೆಗಳ ಚಿತ್ರಗಳನ್ನು ನೋಡಿದೆ. ಒಂದೂ ಹೊಂದಲಿಲ್ಲ. ಆಮೇಲೆ ಬೆನ್ನಿನ ಮೇಲಿನ ಹೆಸರು ತಯಾರಕನದೆಂದು ಹಿಡಿದು ಇನ್ನೊಂದು ವಾರ ಹಾಳುಮಾಡಿದೆ. ಆ ಹೆಸರಿನವರು ರೈಲು ಹಳಿ ಮಾಡಿದ್ದರು, ತೋಪು ಮಾಡಿದ್ದರು; ಬೇಟೆಯ ರೈಫಲ್ ಮಾಡಿದ ಸುದ್ದಿಯೇ ಇಲ್ಲ. ಹಾಗಾದರೆ ನಕಲಿ. ನನಗೆ ಆದದ್ದು ನಿರಾಸೆಯಲ್ಲ, ಖುಷಿ. ನಕಲಿ ಎಂದಾದರೆ ಕಾರ್ಯದರ್ಶಿ ಸಿಕ್ಕಿಬಿದ್ದ.

ಟೇಪು ಅಂಟಿಸಿದ ಕಾಗದಗಳನ್ನೂ ರೈಫಲ್ಲಿನ ಒಂದೆರಡು ಫೋಟೋಗಳನ್ನೂ ಹಿಡಿದು ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೋದೆ. ಇಂದ್ರಕೀಲಾದ್ರಿಯ ತಪ್ಪಲಿನ ಹಳೆಯ ಪೇಟೆಯಲ್ಲಿ, ದುರ್ಗಮ್ಮನ ಗುಡಿಗೆ ಹೋಗುವವರ ಚಪ್ಪಲಿ ರಾಶಿಗಳನ್ನು ದಾಟಿ, ಯಜಮಾನರಿಗೆ ಪರಿಚಯದ ಒಬ್ಬ ಬಂದೂಕು ರಿಪೇರಿಯ ಮೇಸ್ತ್ರಿ ಇದ್ದರು. ಎಪ್ಪತ್ತು ದಾಟಿದವರು. ನಾವು ಮಾತಾಡಿದ್ದು ತೆಲುಗಿನಲ್ಲಿ.

ನನ್ನ ವಾದವನ್ನು ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದರು: "ಅಮ್ಮಾಯಿ, ನಿಮ್ಮನೆ ಸ್ಟೀಲ್ ತಟ್ಟೆಯ ತಳದಲ್ಲಿ ಕಂಪನಿ ಹೆಸರಿದೆಯಲ್ಲ. ಅದರಲ್ಲಿ ಬಡಿಸಿದ ಬೇಳೆ ಪಪ್ಪು ಮಾಡಿದವರು ಅವರೇನಾ?"

"ಅಂದರೆ?"

"ಇದು ಉಕ್ಕು ಕೊಟ್ಟವರ ಹೆಸರು. ಬಂದೂಕು ಮಾಡಿದವನದಲ್ಲ." ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಟೇಪಿನ ಮೇಲೆ ಬಾಗಿದರು. "ಕಿರೀಟ ಇಂಗ್ಲಿಷರೊಬ್ಬರ ಸ್ವತ್ತೇನು? ರಾಜರಿದ್ದ ಕಡೆಯೆಲ್ಲ ಕಿರೀಟ. U ಅಂದರೆ ತಪಾಸಣೆ ಆಗಿದೆ. G ಅಂದರೆ ನಳಿಗೆಯೊಳಗೆ ತಿರುಪಿನ ಗೀರು ಇದೆ. ಇದು ಜರ್ಮನಿಯದು. ಫೋಟೋದಲ್ಲಿ ಈ ಕೆಳಗಿನ ಲಿವರ್ ನೋಡಿದರೆ ಅಲ್ಲಿಯ ಸೂಲ್ ಊರಿನ ಕೆಲಸ. ಜಿಂಕೆ ಬೇಟೆಗೆ ಮಾಡಿದ್ದು. ಮೊದಲ ಮಹಾಯುದ್ಧಕ್ಕೂ ಹಿಂದಿನದು. ನಕಲಿ ಅನ್ನಬೇಡ, ಪಾಪ ಬರುತ್ತದೆ."

ಹದಿನೈದು ದಿನದ ಕೆಲಸ ಎರಡು ನಿಮಿಷದಲ್ಲಿ ಮಣ್ಣುಪಾಲು. ಅದನ್ನು ನುಂಗಿಕೊಂಡು, "ಹಾಗಾದರೆ ಅಸಲಿ ರೈಫಲ್ ಇದಕ್ಕಿಂತ ಬೆಲೆಬಾಳುವುದಿರಬೇಕು. ಅದರ ನಂಬರ್ 118.35" ಎಂದೆ.

ಮೇಸ್ತ್ರಿ ಭೂತಗನ್ನಡಿ ತೆಗೆದರು. "ಚುಕ್ಕೆಯಿರುವ ನಂಬರನ್ನು ಬಂದೂಕಿಗೆ ಯಾರು ಹಾಕುತ್ತಾರೆ? ನೂರಾ ಹದಿನೆಂಟೂ ಚಿಲ್ಲರೆಯ ಬಂದೂಕು ಎಂದಾ?"

ಚುಕ್ಕೆ ನನಗೆ ಹೊಸದಾಗಿರಲಿಲ್ಲ. ಅಪ್ಪನ ಸ್ಟೋರ್ಸಿನಲ್ಲಿ ನಟ್ಟು, ಬೋಲ್ಟು, ಬೇರಿಂಗು ಎಲ್ಲದರ ನಂಬರಿನಲ್ಲೂ ಒಂದು ಚುಕ್ಕೆ ಇರುತ್ತಿತ್ತು. ಕಾರ್ಖಾನೆಯವರ ಕಣ್ಣಿಗೆ ಚುಕ್ಕೆಯಿರುವುದೇ ಅಸಲಿ ನಂಬರು. ಬಂದೂಕಿನ ಮೇಲೆ 614 ಮತ್ತು 118.35 ಎರಡೂ ಕಂಡರೆ ಟ್ರೇನಿಯಾದವನು ಯಾವುದನ್ನು ಓದುತ್ತಾನೆ?

"ಹನ್ನೆರಡು ಬೋರ್ ಅನ್ನುತ್ತೀಯಲ್ಲ ದಿನಾ ಅಂಗಡಿಯಲ್ಲಿ, ಹನ್ನೆರಡು ಏನು?" ಎಂದರು ಮೇಸ್ತ್ರಿ.

ದಿನಕ್ಕೆ ನೂರು ಸಲ ಆಡುವ ಮಾತು. ಎಲ್ಲವನ್ನೂ ಪ್ರಶ್ನಿಸುತ್ತೇನೆಂದು ಹೆಮ್ಮೆಪಡುವ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

"ಒಂದು ಪೌಂಡ್ ಸೀಸದಲ್ಲಿ ಒಂದೇ ಸಮನಾದ ಹನ್ನೆರಡು ಗುಂಡು ಮಾಡು. ಒಂದು ಗುಂಡು ಸರಿಯಾಗಿ ಹಿಡಿಯುವ ತೂತು ಹನ್ನೆರಡು ಬೋರು. ತೂತು ಸಣ್ಣದಾದಷ್ಟೂ ಗುಂಡು ಹೆಚ್ಚು. ಆ ಕಾಲದ ಜರ್ಮನಿಯವರು ರೈಫಲ್ ನಳಿಗೆಯನ್ನೂ ಹಾಗೇ ಅಳೆದು ಬರೆಯುತ್ತಿದ್ದರು. ನಿನ್ನ 118.35 ಬಂದೂಕಿನ ನಂಬರಲ್ಲ, ತೂತಿನ ಅಳತೆ ಇರಬಹುದು. ಇದ್ದರೆ ನಳಿಗೆಯ ಹೊಟ್ಟೆಯ ಮೇಲಿರುತ್ತದೆ, ಎಡಗೈ ಹಿಡಿಯುವ ಮರದ ಒಳಗೆ. ಆ ಮರ ಬಿಚ್ಚಿದ್ದೀರಾ?"

ಬೀದಿಯ ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಫೋನ್ ಮಾಡಿದೆ. "ರೈಫಲ್ ಬಂದಾಗ ಹೆಂಗ ಇತ್ತು ಅಪ್ಪಾ?"

"ಹೆಂಗಂದ್ರ? ಚರ್ಮದ ಪೆಟಿಗ್ಯಾಗ ಇತ್ತು. ಮೂರು ತುಂಡು. ನಳಿಗಿ ಬ್ಯಾರೆ, ಹಿಡಿಕಿ ಬ್ಯಾರೆ, ಕೆಳಗಿನ ಕಟ್ಟಿಗಿ ಬ್ಯಾರೆ. ನಂಬರ ಬರಕೊಂಡ ಮ್ಯಾಲ, ಗ್ವಾಡಿಗೆ ಹಾಕೂಮುಂದ ಜೋಡಿಸಿದ್ವಿ. ಪೆಟಿಗಿ ಗೆದ್ದಲ ತಿಂತು. ಯಾಕವಾ?"

"ಬಂದು ಹೇಳ್ತೀನಿ."

ವಾಪಸು ರೈಲಿನಲ್ಲಿ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆ. ಪೌಂಡಿಗೆ ನಾನೂರಾ ಐವತ್ತಮೂರು ಗ್ರಾಂ ಚಿಲ್ಲರೆ. 118.35ರಿಂದ ಭಾಗಿಸಿದರೆ ಒಂದು ಗುಂಡು ಮೂರು ಮುಕ್ಕಾಲು ಗ್ರಾಮಿಗಿಂತ ತುಸು ಹೆಚ್ಚು. ಸೀಸದ ಸಾಂದ್ರತೆಯಿಂದ ಗಾತ್ರ, ಗಾತ್ರದಿಂದ ವ್ಯಾಸ: 8.64 ಮಿಲಿಮೀಟರ್. ಮಾರನೆಯ ಬೆಳಿಗ್ಗೆ ಅಂಗಡಿಯ ಬೀಗ ತೆಗೆದ ತಕ್ಷಣ ರೈಫಲ್ಲಿನ ಬಾಯಿಗೆ ವರ್ನಿಯರ್ ಮಾಪಕ ಹಿಡಿದೆ. ಮೂರು ಸಲ ಅಳೆದೆ. 8.6, 8.65, 8.6.

ಗೆದ್ದೆ ಎಂದುಕೊಳ್ಳುವ ಹೊತ್ತಿಗೆ ಇನ್ನೊಂದು ಹೊಳೆಯಿತು. ಅದು ನನಗೆ ಹಿಡಿಸಲಿಲ್ಲ. ಈ ಲೆಕ್ಕ ಸರಿಯಾದರೆ ರೈಫಲ್ ಬದಲಾಗಿಯೇ ಇಲ್ಲ. ಅಪ್ಪ ನಿಜ ಹೇಳಿದ್ದರು. ಕಾರ್ಯದರ್ಶಿಯೂ ನಿಜವನ್ನೇ ಹೇಳಿದ್ದರು: ಕಣ್ಣಾರೆ ಓದಿದ್ದರು, ಈಗ ಅದು ಕಾಣುತ್ತಿಲ್ಲ. ಎಂಟು ವರ್ಷ ನಾನು ಸಾಕಿದ ಕಳ್ಳ ಇರಲೇ ಇಲ್ಲ. ಇದ್ದದ್ದು ತನ್ನ ಕಣ್ಣನ್ನು ನಂಬಿ ಬೇರೆಯವನ ಬಾಳು ಕೆಡಿಸಿದ ಒಬ್ಬ ಪ್ರಾಮಾಣಿಕ ಮನುಷ್ಯ. ಇಂಥವರ ಮೇಲೆ ಸೇಡು ತೀರಿಸುವುದು ಹೇಗೆಂದು ಡಿಬೇಟಿನಲ್ಲಿ ಹೇಳಿಕೊಡುವುದಿಲ್ಲ. ಆದರೆ ಸೇಡು ಬೇಡವೆಂದು ಅನ್ನಿಸಲೇ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮರದ ಸುತ್ತ ಇಪ್ಪತ್ತು ವರ್ಷದ ವಾರ್ನಿಷ್ ಅಂಟಿನಂತೆ ಕೂತಿತ್ತು. ಅದು ಅರಗಿನದು, ಸ್ಪಿರಿಟ್‌ಗೆ ಕರಗುತ್ತದೆ, ಅವಸರ ಮಾಡಿದರೆ ಮರ ಸೀಳುತ್ತದೆ ಎಂದು ಮೇಸ್ತ್ರಿ ಎಚ್ಚರಿಸಿದ್ದರು. ದೀಪದ ಬತ್ತಿಗಳನ್ನು ಸ್ಪಿರಿಟ್‌ನಲ್ಲಿ ಅದ್ದಿ ಸಂದಿನುದ್ದಕ್ಕೂ ಇಡುವುದು, ಮೇಲೆ ಪ್ಲಾಸ್ಟಿಕ್ ಸುತ್ತುವುದು, ಎರಡು ತಾಸಿಗೊಮ್ಮೆ ಕಂದು ಅಂಟನ್ನು ಬಿದಿರು ಕಡ್ಡಿಯಿಂದ ಎತ್ತುವುದು. ಎರಡನೆಯ ದಿನ ಅವಸರಪಟ್ಟು ಲೋಹದ ಪಟ್ಟಿ ತೂರಿಸಿದೆ. ಮರದ ತುದಿಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತು. ಯಜಮಾನರು ನೋಡಿದರು, ಪಟ್ಟಿಯನ್ನು ಎತ್ತಿ ಗಲ್ಲಾಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದರು. ಐದನೆಯ ದಿನ ಮರ ಅಲುಗಾಡಿತು. ಕೆಳಗಿನ ಚಿಲಕ ಒತ್ತಿ ಎಳೆದರೆ ಸಾಕು, ಬರುತ್ತದೆ.

ಎಳೆಯಲಿಲ್ಲ. ಕೈ ತೆಗೆದೆ.

"ಏನಾಯಿತು?" ಎಂದರು ಯಜಮಾನರು.

"ಕಾರ್ಯದರ್ಶಿಯನ್ನು ಕರೆಸಿ. ಅವರೇ ಬಿಚ್ಚಲಿ."

"ಬುದ್ಧಿ ಇದೆಯಾ? ಮೊದಲು ನೋಡಿಕೋ, ಇದ್ದರೆ ಕರೆಸು. ಒಳಗೆ ಏನೂ ಇಲ್ಲದಿದ್ದರೆ ಅವನೆದುರು ನಿನ್ನ ಗತಿಯೇನು? ನಿಮ್ಮಪ್ಪನ ಗತಿಯೇನು?"

ಅವರ ಮಾತು ಸರಿಯಾಗಿತ್ತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಹಾಕಬಾರದೆಂಬುದು ನಾನೇ ಕಿರಿಯರಿಗೆ ಕಲಿಸುತ್ತಿದ್ದ ನಿಯಮ. ಆದರೆ ನಾನು ಮೊದಲು ಬಿಚ್ಚಿದರೆ, ಆರೋಪಿಯ ಮಗಳು ಐದು ದಿನ ಬಾಗಿಲು ಹಾಕಿಕೊಂಡು ನಂಬರ್ ಕೊರೆದಳೆಂದು ನಾನೇ ಎದುರು ಪಕ್ಷದಲ್ಲಿದ್ದರೆ ವಾದಿಸುತ್ತಿದ್ದೆ, ಗೆಲ್ಲುತ್ತಲೂ ಇದ್ದೆ. ಸಾಕ್ಷಿ ಅವರ ಕಣ್ಣೇ ಆಗಬೇಕು. ಎಂಟು ವರ್ಷ ಅವರು ಆಣೆ ಮಾಡಿದ್ದು ಆ ಕಣ್ಣಿನ ಮೇಲೆ.

ಎರಡು ದಿನ ಬಿಟ್ಟು ಕಾರ್ಯದರ್ಶಿ ಬಂದರು. ನಾನು ಕೇಳಿದಂತೆ ಕ್ಲಬ್ಬಿನ ಹಳೆಯ ರಿಜಿಸ್ಟರನ್ನೂ ಇಬ್ಬರು ಸಮಿತಿ ಸದಸ್ಯರನ್ನೂ ಕರೆತಂದಿದ್ದರು. "ಏನಂಡಿ ಇದು, ನಾಟಕ ಕಂಪನಿನಾ?" ಎಂದರು ಯಜಮಾನರತ್ತ ತಿರುಗಿ. ಯಜಮಾನರು ಕುರ್ಚಿ ತೋರಿಸಿದರು.

ಮರಕ್ಕೂ ನಳಿಗೆಗೂ ಸೇರಿಸಿ ನಾನು ಅಂಟಿಸಿದ್ದ ಕಾಗದದ ಪಟ್ಟಿಯ ಮೇಲೆ ಯಜಮಾನರ ಸಹಿಯಿತ್ತು. ಅದು ಹರಿದಿಲ್ಲವೆಂದು ಮೂವರಿಗೂ ತೋರಿಸಿದೆ. ಚಿಲಕ ಎಲ್ಲಿದೆಯೆಂದು ಹೇಳಿದೆ. ಕಾರ್ಯದರ್ಶಿ ಒತ್ತಿ ಎಳೆದರು. ಹಳೆಯ ಎಣ್ಣೆಯ ವಾಸನೆಯೊಂದಿಗೆ ಮರ ಕೈಗೆ ಬಂತು. ನಳಿಗೆಯ ಹೊಟ್ಟೆ ವಾರ್ನಿಷ್ ಮುಟ್ಟದೆ ನೀಲಿಯಾಗಿ ಹೊಳೆಯುತ್ತಿತ್ತು.

ನಾನು ನಿಂತ ಜಾಗದಿಂದ ಏನೂ ಕಾಣುತ್ತಿರಲಿಲ್ಲ. ಬೇಕೆಂದೇ ಹಾಗೆ ನಿಂತಿದ್ದೆ. ಪೆನ್ನು ತೆಗೆದೆ. "ಓದಿ ಸರ್. ಒಬ್ಬರು ಓದಬೇಕು, ಒಬ್ಬರು ಬರೆಯಬೇಕು."

ಅವರು ಕನ್ನಡಕ ಸರಿಮಾಡಿಕೊಂಡರು. "ಆರ್ನೂರಾ ಹದಿನಾಲ್ಕು. ನಳಿಗೆ ಮೇಲೂ ಇದೆ, ಈ ಮರದ ಕಬ್ಬಿಣದ ಮೇಲೂ ಇದೆ."

"ಕುದುರೆಯ ಕಾಪಿನ ಮೇಲಿರುವುದೂ ಅದೇ. ಮೂರೂ ಒಟ್ಟಿಗೇ ಹುಟ್ಟಿದ ತುಂಡುಗಳು. ಮುಂದೆ?"

"ಒಂದು ಹದ್ದು. ಕಿರೀಟ. ಆರು, ಸೊನ್ನೆ ಒಂಬತ್ತು."

"ಪರೀಕ್ಷೆಯಾದ ತಿಂಗಳು, ವರ್ಷ. 1909ರ ಜೂನ್. ಮುಂದೆ?"

ಮುಂದೆ ಬರಲಿಲ್ಲ. ರಸ್ತೆಯಲ್ಲಿ ಒಂದು ಪ್ರಚಾರದ ಆಟೋ ಕೂಗುತ್ತ ಹೋಯಿತು. ಅದು ತಿರುವು ದಾಟುವವರೆಗೂ ನಾನು 1909ರ ಕೆಳಗೆ ಗೆರೆಯ ಮೇಲೆ ಗೆರೆ ಎಳೆದೆ. ಆಮೇಲೆ ಅವರ ದನಿ, ಕೌಂಟರಿನಲ್ಲಿ ಕೇಳಿದ್ದಕ್ಕಿಂತ ಸಣ್ಣದು:

"ನೂರಾ ಹದಿನೆಂಟು. ಪಾಯಿಂಟ್. ಮೂರು ಐದು."

"ಇನ್ನೊಮ್ಮೆ ಓದಿ ಸರ್. ಜೋರಾಗಿ."

ನನಗೆ ಮೊದಲ ಸಲವೇ ಕೇಳಿಸಿತ್ತು. ಅವರು ಇನ್ನೊಮ್ಮೆ ಓದಿದರು. ರಿಜಿಸ್ಟರಿನ ಹಳೆಯ ಪುಟ ತೆರೆದು ಅಪ್ಪನ ಗುಂಡನೆಯ ಅಕ್ಷರದ ಪಕ್ಕ, 'ಓದಿದವರು' ಎಂಬ ಕಾಲಮ್ಮಿನಲ್ಲಿದ್ದ ಅವರ ಸಹಿಯ ಕಡೆ ಬೆರಳಿಟ್ಟೆ. ತೂತಿನ ಅಳತೆ, ಹನ್ನೆರಡು ಬೋರು, ಸೀಸದ ಗುಂಡು ಎಲ್ಲವನ್ನೂ ಹೇಳಿದೆ. ನಿಧಾನವಾಗಿಯೇ ಹೇಳಿದೆ. ಸಮಿತಿಯವರಲ್ಲೊಬ್ಬರು ವರ್ನಿಯರ್ ಇಸಿದುಕೊಂಡು ತಾವೇ ಅಳೆದರು.

"ನಾನೇನ್ ಸುಳ್ಳು ಹೇಳಿರ್ಲಿಲ್ಲಮ್ಮ" ಎಂದರು ಕಾರ್ಯದರ್ಶಿ.

"ಇಲ್ಲ ಸರ್. ಓದಿದಿರಿ. ಏನನ್ನು ಓದಿದಿರಿ ಅಂತ ಎಂಟು ವರ್ಷ ಯಾರೂ ಕೇಳಲಿಲ್ಲ. ಒಂದು ಚಿಲಕ ಒತ್ತಬೇಕಿತ್ತು, ಅಷ್ಟೇ."

"ಟೆಕ್ನಿಕಲ್ ಎರರ್ ಅಂತ ಬರೆದ್ಬಿಡೋಣ."

"ಬೇಡ. ನೀವು ಬರೆಯಿರಿ, ನಾನು ಓದುತ್ತೇನೆ."

ಅವರೇ ಬರೆದರು. ಸ್ವಂತ ಕೈಯಲ್ಲಿ, ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ. 'ತೂತಿನ ಅಳತೆಯನ್ನು ನಂಬರೆಂದು ಓದಿದವನು ನಾನು. ಓದಿದ್ದನ್ನು ಇವರು ಬರೆದರು. ರೈಫಲ್ ಒಂದೇ, ಎಂದೂ ಬದಲಾಗಿಲ್ಲ. ಇವರ ಮೇಲೆ ಸಭೆಯಲ್ಲಿ ಆರೋಪ ಹೊರಿಸಿದವನೂ ನಾನೇ.' ಕೊನೆಯ ವಾಕ್ಯಕ್ಕೆ ಪೆನ್ನು ನಿಂತಿತು. ನಾನು ಕಾದೆ. ಆ ಕಾಗದದ ಒಂದು ಪ್ರತಿ ಲೈಸೆನ್ಸ್ ತಿದ್ದುಪಡಿಗೆ ಹೋಯಿತು, ಒಂದು ಕ್ಲಬ್ಬಿನ ನೋಟಿಸ್ ಬೋರ್ಡಿಗೆ. ಬೋರ್ಡಿನಲ್ಲಿ ಮುಂದಿನ ಯುಗಾದಿಯವರೆಗೂ ಇರಬೇಕೆಂದು ಸಮಿತಿಯವರಿಂದ ಒಪ್ಪಿಸಿಕೊಂಡಿದ್ದೆ.

ಮೂರನೆಯ ಪ್ರತಿಯನ್ನು ಭೀಮುನಿಪಟ್ಟಣಕ್ಕೆ ಒಯ್ದೆ. ಅಪ್ಪ ಎರಡು ಸಲ ಓದಿದರು.

"ನಾನೂ ಕೇಳಬೌದಿತ್ತು, ಇದೇನು ನಂಬರಪಾ ಅಂತ. ಚುಕ್ಕಿ ಇತ್ತಲ್ಲ, ನಮ್ಮ ಸ್ಟೋರ್ಸಿನ ನಂಬರಿನಂಗs ಕಂಡ್ತು. ತಪ್ಪು ಇಬ್ಬರದೂ ಅದ." ಕಾಗದವನ್ನು ಮಡಿಚಿದರು. "ಅಂವಗ ಹೇಳು, ಒಂದಿನ ಚಾಕ್ಕ ಬಾ ಅಂದಾರ ಅಂತ."

ಕಾರ್ಯದರ್ಶಿ ಆ ತಿಂಗಳಲ್ಲಿ ಮೂರು ಸಲ ಅಂಗಡಿಗೆ ಫೋನ್ ಮಾಡಿದರು. "ಅಪ್ಪ ಏನಾದ್ರೂ ಹೇಳಿದ್ರಾಮ್ಮ? ಒಂದ್ಸಲ ಬಂದು ಕಾಣ್ಬೇಕಿತ್ತು" ಎನ್ನುತ್ತಿದ್ದರು.

"ಇಲ್ಲ ಸರ್. ಅವರು ಏನೂ ಹೇಳಿಲ್ಲ" ಎಂದೆ, ಮೂರು ಸಲವೂ.

ಆ ರೈಫಲ್ಲಿನ ವಿಷಯದಲ್ಲಿ ಮೊದಲಿನಿಂದ ಕೊನೆಯವರೆಗೆ ಯಾರಾದರೂ ಆಡಿದ ಸುಳ್ಳು ಅದೊಂದೇ.